ರಾಯಭಾರ: ಗೌರವಕ್ಕಿಂತ ಮೊದಲು ಅಮಾನತ್ತು

ರಾಯಭಾರಿ ಎಂದೊಡನೆ ನಮ್ಮ ಕಣ್ಣ ಮುಂದೆ ಮೂಡುವುದು ಧ್ವಜ ಹೊತ್ತ ಕಾರು ಮತ್ತು ಔತಣಕೂಟಗಳ ಚಿತ್ರ. ಆದರೆ ಆ ಹುದ್ದೆಯ ಬುನಾದಿ ವೈಭವವಲ್ಲ, ವಿಶ್ವಾಸ. ಒಂದು ಜನತೆಯು ತನ್ನ ಮಾತನ್ನು ಒಬ್ಬನ ನಾಲಗೆಗೆ ಒಪ್ಪಿಸುವುದೇ ರಾಯಭಾರ.

ಹಿಜರಿ 6ರಲ್ಲಿ ಪ್ರವಾದಿವರ್ಯರು(ಸ) ಹುದೈಬಿಯಾದಲ್ಲಿ ತಂಗಿದ್ದಾಗ, ತಾವು ಯುದ್ಧಕ್ಕಲ್ಲ, ಉಮ್ರಾ ನಿರ್ವಹಿಸಲು ಬಂದವರೆಂದು ತಿಳಿಸಲು ಹಝ್ರತ್ ಉಸ್ಮಾನ್(ರ)ರನ್ನು ಮಕ್ಕಾಕ್ಕೆ ಕಳುಹಿಸಿದರು. ಬೇಕಿದ್ದರೆ ಅವರೊಬ್ಬರು ಕಅಬಾದ ತವಾಫ್ ಮಾಡಬಹುದೆಂದು ಕುರೈಶರು ಹೇಳಿದರು. ಪ್ರವಾದಿವರ್ಯರು(ಸ) ಮಾಡದೆ ತಾನು ಮಾಡಲಾರೆನೆಂದು ಅವರು ನಿರಾಕರಿಸಿದರು. ಕಳುಹಿಸಿದವರಿಗೆ ದೊರೆಯದ ಸೌಲಭ್ಯವನ್ನು ತಾನೊಬ್ಬನೇ ಅನುಭವಿಸದಿರುವುದು ರಾಯಭಾರಿಯ ಮೊದಲ ಧರ್ಮ. ಅವರು ಹತರಾದರೆಂಬ ವದಂತಿ ಹಬ್ಬಿದಾಗ ಸಹಾಬಿಗಳು ಮರದಡಿಯಲ್ಲಿ ಬೈಅತ್ ಮಾಡಿದರು. ದೂತನ ಜೀವವೆಂದರೆ ಇಡೀ ಸಮುದಾಯದ ಮಾನ.

ಇನ್ನೊಂದು ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಕುರೈಶರ ದೂತರಾಗಿ ಬಂದ ಅಬೂ ರಾಫಿಅ್(ರ)ರ ಹೃದಯ ಇಸ್ಲಾಮಿನತ್ತ ವಾಲಿತು, ಹಿಂದಿರುಗಲಾರೆನೆಂದರು. ಪ್ರವಾದಿವರ್ಯರು(ಸ) ಅವರನ್ನು ಉಳಿಸಿಕೊಳ್ಳಲಿಲ್ಲ. ತಾವು ಕರಾರು ಮುರಿಯುವವರಲ್ಲ, ದೂತರನ್ನು ತಡೆಯುವವರಲ್ಲ. ಹೋಗಿ ಬಂದ ಮೇಲೂ ಮನಸ್ಸು ಹೀಗೆಯೇ ಇದ್ದರೆ ಮರಳಿ ಬನ್ನಿ ಎಂದರು. ಅವರು ಹೋದರು, ಮರಳಿ ಬಂದು ಮುಸ್ಲಿಮರಾದರು. ತಮ್ಮ ಪಕ್ಷಕ್ಕೆ ಲಾಭವಾಗುವಾಗಲೂ ನಿಯಮ ಮುರಿಯದಿರುವುದೇ ನ್ಯಾಯ. ದೂತರ ರಕ್ಷಣೆಯ ಈ ತತ್ವವನ್ನು 1961ರ ವಿಯೆನ್ನಾ ಒಪ್ಪಂದವು ಇಂದಿನ ರಾಷ್ಟ್ರಗಳ ಲಿಖಿತ ಕಾನೂನಾಗಿಸಿದೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿರುವ ನಮ್ಮ ಮನೆಗಳಿಗೆ ಇದು ದೂರದ ವಿಷಯವೇನಲ್ಲ. ಪಾಸ್‌ಪೋರ್ಟ್ ಕಳೆದಾಗ, ಸಂಬಳ ನಿಂತಾಗ, ಮಯ್ಯಿತ್ ಊರಿಗೆ ತರಬೇಕಾದಾಗ ನಾವು ತಟ್ಟಬೇಕಾದ ಬಾಗಿಲು ರಾಯಭಾರ ಕಚೇರಿಯದೇ. ಇಂತಹ ಸಂಕಷ್ಟಗಳಿಗೆಂದೇ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಗಿದೆ. ವೀಸಾಕ್ಕಾಗಿ ಒಡವೆ ಅಡವಿಡುವ ನಾವು, ಹೊರಡುವ ಮಗನ ಕೈಗೆ ಆ ಕಚೇರಿಯ ದೂರವಾಣಿ ಸಂಖ್ಯೆಯನ್ನು ಬರೆದುಕೊಡುತ್ತೇವೆಯೇ?

ರಾಯಭಾರಿಯೊಬ್ಬರ ಯೋಗ್ಯತೆಯನ್ನು ಔತಣಕೂಟದಲ್ಲಿ ಅಳೆಯಲಾಗದು. ಕಚೇರಿಯ ಸರತಿಯಲ್ಲಿ ನಿಂತ ಬಡ ಕಾರ್ಮಿಕನಿಗೆ ಅಲ್ಲಿ ದೊರೆಯುವ ಉತ್ತರವೇ ಅದರ ಅಳತೆಗೋಲು. ಅದನ್ನು ಕೇಳುವ ಹಕ್ಕು ನಮಗಿದೆ. ಜೊತೆಗೆ ಒಂದು ಹೊಣೆಯೂ ಇದೆ: ಪರದೇಶದಲ್ಲಿ ಕರಾರು ಪಾಲಿಸುವ, ಸುಳ್ಳಾಡದ ಪ್ರತಿಯೊಬ್ಬ ಯುವಕನೂ ನೇಮಕಾತಿ ಪತ್ರವಿಲ್ಲದ ರಾಯಭಾರಿ. ಆತ ತನ್ನ ಊರಿನ, ನಾಡಿನ ಮತ್ತು ದೀನಿನ ಅಮಾನತ್ತನ್ನು ಹೊತ್ತಿದ್ದಾನೆ. ಆ ಅಮಾನತ್ತನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.