ಪರವಾನಗಿ ಕೈಯಲ್ಲಿ, ಇಳಿಯಲು ನೆಲವೆಲ್ಲಿ?

ಬೆಂಗಳೂರು: ವೈಟ್‌ಫೀಲ್ಡ್‌ನ ಐಟಿ ಕಟ್ಟಡಗಳು ಎಚ್‌ಎಎಲ್ ರನ್‌ವೇಯ ಪೂರ್ವ ದಿಕ್ಕಿನಲ್ಲಿವೆ. ಪೀಣ್ಯದ ಕಾರ್ಖಾನೆಗಳಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಇಸ್ರೊ ಸಂಸ್ಥೆಯ ಉಪಗ್ರಹ ನಿಯಂತ್ರಣ ಜಾಲದ ಕೇಂದ್ರವೂ ಅಲ್ಲಿಯೇ ಇದೆ. 1978ರಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳು ಜಗತ್ತಿನ ಕಂಪೆನಿಗಳಿಗೆ ತಂತ್ರಾಂಶ ಬರೆಯುತ್ತಾರೆ. ಆದರೆ ಈ ಮೂರು ವಲಯಗಳ ಪೈಕಿ ಯಾವುದಾದರೊಂದರಲ್ಲಿ ದುಡಿಯುವ ವ್ಯಕ್ತಿಯೊಬ್ಬರು ಖಾಸಗಿ ಪೈಲಟ್ ಪರವಾನಗಿ ಪಡೆದು, ಒಂದು ಭಾನುವಾರ ಮನೆಮಂದಿಯೊಡನೆ ಮೈಸೂರಿನವರೆಗೆ ಹಾರಿ ಬರಲು ಬಯಸಿದರೆ, ಆ ಪುಟ್ಟ ಆಸೆಗೆ ಎದುರಾಗುವ ಪ್ರಶ್ನೆ ದೊಡ್ಡದು: ಹಾರುವುದೇನೋ ಸರಿ, ದಾರಿಯಲ್ಲಿ ತೊಂದರೆಯಾದರೆ ಇಳಿಯುವುದೆಲ್ಲಿ?

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣದ ಚರ್ಚೆ ಬಿರುಸುಗೊಂಡಿರುವ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ ಎಂಬುದು ಗಮನಾರ್ಹ.

ಪರವಾನಗಿ ಎಂದರೇನು?

ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ ತುಂಬಿರಬೇಕು, 10ನೆಯ ತರಗತಿ ತೇರ್ಗಡೆಯಾಗಿರಬೇಕು. ವೈದ್ಯಕೀಯ ತಪಾಸಣೆ, ವಾಯುನಿಯಮ, ಪಥನಿರ್ದೇಶನ, ಹವಾಮಾನ ಮುಂತಾದ ವಿಷಯಗಳ ಪರೀಕ್ಷೆ ಹಾಗೂ ಕನಿಷ್ಠ 40 ಗಂಟೆಗಳ ಹಾರಾಟ ಕಡ್ಡಾಯ. ಇದರಲ್ಲಿ 5 ಗಂಟೆಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಏಕಾಂಗಿಯಾಗಿ ಹಾರಿರಬೇಕು. ಆ ಪೈಕಿ ಒಂದು ಯಾನವಾದರೂ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿ.ಮೀ. ಉದ್ದವಿದ್ದು, ಎರಡು ಬೇರೆ ಬೇರೆ ವಿಮಾನ ನೆಲೆಗಳಲ್ಲಿ ಇಳಿದು ಬಂದಿರಬೇಕು. ಪರವಾನಗಿದಾರರು ಪ್ರಯಾಣಿಕರನ್ನು ಕರೆದೊಯ್ಯಬಹುದಾದರೂ ಅದಕ್ಕಾಗಿ ಹಣ ಪಡೆಯುವಂತಿಲ್ಲ.

ತರಬೇತಿಯ ದಿನಗಳಲ್ಲಿ ಬೋಧಕರು ಮಾರ್ಗವನ್ನು ಪರಿಶೀಲಿಸಿರುತ್ತಾರೆ, ಹವಾಮಾನ ಕೆಟ್ಟರೆ ಅವರೇ ತಡೆಯುತ್ತಾರೆ. ಪರವಾನಗಿ ಬಂದ ಮರುದಿನ ಆ ತಡೆ ಇರುವುದಿಲ್ಲ. ಹಾರಬೇಕೇ ಬೇಡವೇ ಎಂಬ ತೀರ್ಮಾನ 40 ಗಂಟೆಗಳ ಅನುಭವವಿರುವವರ ಪಾಲಿಗೆ ಬರುತ್ತದೆ. ಮನೆಯವರು ಜೊತೆಗಿದ್ದಾರೆ, ವಿಮಾನದ ಬಾಡಿಗೆ ಕೊಟ್ಟಾಗಿದೆ, ಸೋಮವಾರ ಕಚೇರಿಗೆ ಹಾಜರಾಗಬೇಕಿದೆ. ವಿಹಾರ ಹಾರಾಟದ ನಿಜವಾದ ಅಪಾಯ ಇಂತಹ ಒತ್ತಡಗಳಲ್ಲಿ ಅಡಗಿರುತ್ತದೆ.

ಜಕ್ಕೂರಿನಿಂದ ಮಂಡಕಳ್ಳಿಗೆ

ಜಕ್ಕೂರಿನ ವಿಮಾನ ನೆಲೆಯಿಂದ ಮೈಸೂರಿನ ಮಂಡಕಳ್ಳಿಗೆ ನೇರ ರೇಖೆಯಲ್ಲಿ ಸುಮಾರು 140 ಕಿ.ಮೀ. ನಾಲ್ಕು ಆಸನಗಳ ಸೆಸ್ನಾ 172 ವಿಮಾನಕ್ಕೆ ಇದು ಮುಕ್ಕಾಲು ಗಂಟೆಯ ಹಾದಿ. ಮಾಗಡಿಯ ಸಾವನದುರ್ಗ, ರಾಮನಗರದ ಬಂಡೆಬೆಟ್ಟಗಳು, ಮಂಡ್ಯದ ಕಬ್ಬಿನ ಗದ್ದೆಗಳು, ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ ಇವೆಲ್ಲವೂ ಈ ಹಾದಿಯ ಆಸುಪಾಸಿನಲ್ಲಿವೆ. ನೋಟದ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ಮಾರ್ಗ ದಕ್ಷಿಣ ಕರ್ನಾಟಕದಲ್ಲಿ ವಿರಳ.

ಆದರೆ ನಕ್ಷೆಯ ಮೇಲೆ ಗೆರೆ ಎಳೆದ ಕೂಡಲೇ ತೊಡಕುಗಳು ಆರಂಭವಾಗುತ್ತವೆ. ನೇರ ರೇಖೆ ಪೀಣ್ಯದ ಪಕ್ಕದ ದಟ್ಟ ವಸತಿಯ ಮೇಲೆ ಹಾದುಹೋಗುತ್ತದೆ. ಜಕ್ಕೂರಿನ ಪಕ್ಕದಲ್ಲಿಯೇ ಯಲಹಂಕ ವಾಯುನೆಲೆ ಇದೆ. ಉತ್ತರಕ್ಕೆ ವರ್ಷಕ್ಕೆ 4 ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ನಿಭಾಯಿಸುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಆಗ್ನೇಯಕ್ಕೆ ಪರೀಕ್ಷಾರ್ಥ ಹಾರಾಟಗಳು ನಡೆಯುವ ಎಚ್‌ಎಎಲ್. ಈ ಮೂರರ ನಡುವಿನ ಕಿರಿದಾದ ಆಕಾಶದಲ್ಲಿ ಪುಟ್ಟ ವಿಮಾನ ನಿಯಂತ್ರಕರು ಹೇಳಿದ ದಿಕ್ಕಿನಲ್ಲಿ, ಹೇಳಿದ ಎತ್ತರದಲ್ಲಿ ಹೊರಬೀಳಬೇಕು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ನಿರ್ಬಂಧಗಳು ಇನ್ನೂ ಬಿಗಿಯಾಗುತ್ತವೆ.

ಹೊರಡುವ ಮುನ್ನ ಹಾರಾಟ ಯೋಜನೆ ಸಲ್ಲಿಸಬೇಕು, ಹಾರಾಟ ಮಾಹಿತಿ ಕೇಂದ್ರದ ಸಂಖ್ಯೆ ಹಾಗೂ ವಾಯು ರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ಆ ಸಂಖ್ಯೆಗಳಿಲ್ಲದೆ ಮೈಸೂರಿನತ್ತ ಹೊರಡುವ ವಿಮಾನವನ್ನು ವಾಯುಪಡೆಯ ರೇಡಾರ್ ಅಪರಿಚಿತವೆಂದೇ ಪರಿಗಣಿಸುತ್ತದೆ. ಕಣ್ಣಳತೆಯ ಹಾರಾಟಕ್ಕೆ ಸೂರ್ಯಾಸ್ತವೇ ಗಡುವು. ಮೈಸೂರಿನಲ್ಲಿ ಊಟ ಮುಗಿಸಿ ಅರಮನೆ ನೋಡಿ ಹಿಂದಿರುಗುವವರು ಗಡಿಯಾರವನ್ನು ಮರೆಯುವಂತಿಲ್ಲ.

ಎತ್ತರ, ಬಿಸಿಲು, ತೂಕ

ಬೆಂಗಳೂರಿನ ಹಿತವಾದ ಹವೆಗೆ ಕಾರಣವಾದ ಎತ್ತರವೇ ಪುಟ್ಟ ವಿಮಾನಕ್ಕೆ ಭಾರ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳುವಾಗಿ, ಎಂಜಿನ್ ಹಾಗೂ ರೆಕ್ಕೆಗಳು ಸುಮಾರು 6,000 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತವೆ. ನೆಲ ಬಿಡಲು ಹೆಚ್ಚು ದೂರ ಓಡಬೇಕು, ಮೇಲೇರುವ ವೇಗ ಕುಗ್ಗುತ್ತದೆ. ಜಕ್ಕೂರಿನ ರನ್‌ವೇ ಒಂದು ಕಿಲೋಮೀಟರಿಗಿಂತ ಕಡಿಮೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಮೇಲ್ಸೇತುವೆ ತಲೆಯೆತ್ತಿದ ಮೇಲೆ ಇರುವ ಉದ್ದವನ್ನೂ ಪೂರ್ಣವಾಗಿ ಬಳಸಲು ಅಡ್ಡಿಯಾಗಿ ಆ ವಿವಾದ ವರ್ಷಗಟ್ಟಲೆ ನಡೆಯಿತು.

ಆಸನಗಳು ನಾಲ್ಕು ಇವೆ ಎಂದ ಮಾತ್ರಕ್ಕೆ ನಾಲ್ವರು ವಯಸ್ಕರು ಕೂರಬಹುದೆಂದು ಅರ್ಥವಲ್ಲ. ಒಟ್ಟು ತೂಕ 1,100 ಕಿಲೋ ಆಸುಪಾಸಿಗೆ ಸೀಮಿತವಾದ ವಿಮಾನದಲ್ಲಿ ಟ್ಯಾಂಕ್ ತುಂಬಿಸಿದರೆ ಒಬ್ಬರನ್ನು ಬಿಟ್ಟು ಹೋಗಬೇಕಾದೀತು. ನಾಲ್ವರನ್ನೂ ಕೂರಿಸಿದರೆ ಇಂಧನ ತಗ್ಗಿಸಬೇಕಾದೀತು. ಇಂಧನ ತಗ್ಗಿಸುವುದು ಈ ಮಾರ್ಗದಲ್ಲಿ ಸುಲಭದ ಮಾತಲ್ಲ. ಪಿಸ್ಟನ್ ಎಂಜಿನ್‌ಗೆ ಬೇಕಾದ ಏವ್‌ಗ್ಯಾಸ್, ದೊಡ್ಡ ವಿಮಾನಗಳ ಇಂಧನದಂತೆ ಎಲ್ಲ ನಿಲ್ದಾಣಗಳಲ್ಲಿಯೂ ಸಿಗುವುದಿಲ್ಲ. ಭಾರತದಲ್ಲಿಯೇ ತಯಾರಾದ ಏವ್‌ಗ್ಯಾಸ್ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಅದುವರೆಗೆ ದೇಶ ಆಮದನ್ನು ನೆಚ್ಚಿತ್ತು. ಹೀಗಾಗಿ ಹೋಗಿಬರುವ ಇಂಧನವನ್ನು ಹೊತ್ತೇ ಹೊರಡುವುದು ಜಾಣತನ.

ಋತುವಿನ ಲೆಕ್ಕವೂ ಇದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಮಂಜು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟಗಳನ್ನು ಮುಚ್ಚುವ ಮೋಡ. ಸಾವನದುರ್ಗದ ನೆತ್ತಿ 1,226 ಮೀಟರ್, ಅಂದರೆ 4,000 ಅಡಿಗೂ ಮೇಲೆ. ತಗ್ಗಿದ ಮೋಡದ ಕೆಳಗೆ ದಾರಿ ಹುಡುಕುವ ಹೊಸಬರಿಗೆ ಈ ಒಂದು ಅಂಕಿ ಎಚ್ಚರಿಕೆಯಾಗಬೇಕು. ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಮಂಜು ಕರಗಿದ ನಂತರದ ಬೆಳಗಿನ ಹೊತ್ತೇ ವಿಹಾರಕ್ಕೆ ಪ್ರಶಸ್ತ.

ಪರ್ಯಾಯವೇ ಇಲ್ಲದ ಹಾದಿ

ಇಷ್ಟೆಲ್ಲ ಲೆಕ್ಕವನ್ನು ಪೈಲಟ್ ಮನೆಯಲ್ಲಿ ಕುಳಿತು ಮಾಡಬಹುದು. ಅವರ ಕೈಮೀರಿದ್ದು ಒಂದೇ: ಜಕ್ಕೂರು ಹಾಗೂ ಮಂಡಕಳ್ಳಿಯ ನಡುವೆ ಇಳಿಯಲು ನಾಗರಿಕ ವಿಮಾನ ನೆಲೆಯೊಂದೂ ಇಲ್ಲ. ಮೈಸೂರಿನ ಮೇಲೆ ಮೋಡ ಕವಿದರೆ ಬೆಂಗಳೂರಿಗೇ ಮರಳಬೇಕು, ಇಲ್ಲವೇ ಪಶ್ಚಿಮ ಘಟ್ಟ ದಾಟಿ ಕಣ್ಣೂರಿನತ್ತ ಹೊರಳಬೇಕು. ಎರಡನೆಯದು ಹೊಸಬರಿಗೆ ಹೇಳುವ ಸಲಹೆಯೇ ಅಲ್ಲ. ಬೆಂಗಳೂರಿನ ದಕ್ಷಿಣದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಿಂದ ತುಸು ದೂರದಲ್ಲಿ, ತಮಿಳುನಾಡಿನ ಬೆಳಗೊಂಡಪಲ್ಲಿಯಲ್ಲಿ ರನ್‌ವೇ ಇದೆಯಾದರೂ ಅದು ಖಾಸಗಿ ಸ್ವತ್ತು.

6,500 ಅಡಿಯಲ್ಲಿ ಎಂಜಿನ್ ನಿಂತರೆ ಇಂತಹ ವಿಮಾನ ಗಾಳಿಯಿಲ್ಲದ ದಿನ ಸುಮಾರು 10 ಕಿ.ಮೀ. ತೇಲಬಲ್ಲದು. ಆ ವ್ಯಾಪ್ತಿಯಲ್ಲಿ ಪೈಲಟ್‌ಗೆ ಸಿಗುವುದು ಬಂಡೆ, ಕುರುಚಲು ಕಾಡು, ವಿದ್ಯುತ್ ತಂತಿ, ಅದೃಷ್ಟವಿದ್ದರೆ ಒಂದು ಹೊಲ. 2023ರ ಮೇ 30ರಂದು ಬೆಳಗಾವಿ ಸಮೀಪದ ಹೊನ್ನಿಹಾಳದಲ್ಲಿ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿದಾಗ ಒಳಗಿದ್ದ ಇಬ್ಬರೂ ಬದುಕುಳಿದರು. ಬೆಂಗಳೂರಿಗರ ನೆನಪಿನಲ್ಲಿ ಉಳಿದಿರುವುದು ಅದಕ್ಕೆ ವಿರುದ್ಧವಾದ ಘಟನೆ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ಮೃತಪಟ್ಟರು. ಮೊದಲ ನಿಮಿಷದಲ್ಲಿ ಪೈಲಟ್‌ಗೆ ಆಯ್ಕೆಗಳು ಎಷ್ಟು ಕಡಿಮೆ ಎಂಬುದಕ್ಕೆ ಆ ದುರಂತ ಸಾಕ್ಷಿ. 1940ರ ದಶಕದ ಕೊನೆಗೆ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಆರಂಭವಾದಾಗ ಸುತ್ತ ಇದ್ದದ್ದು ಕೆರೆ ಮತ್ತು ಹೊಲ. ಇಂದು ಆ ಹೊಲಗಳಲ್ಲಿ ಬಹುಪಾಲು ಅಪಾರ್ಟ್‌ಮೆಂಟ್‌ಗಳಾಗಿವೆ.

ಎರಡನೆಯ ನಿಲ್ದಾಣದ ನೆರಳಲ್ಲಿ

2008ರ ಮೇ ತಿಂಗಳಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣಕ್ಕೆ ಸಂಬಂಧಿಸಿದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಹೊರತುಪಡಿಸಿ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಬೇರೊಂದು ಪ್ರಮುಖ ನಿಲ್ದಾಣಕ್ಕೆ ಅವಕಾಶವಿಲ್ಲ. ಆ ಗಡುವನ್ನು ಮುಂದಿಟ್ಟುಕೊಂಡೇ ರಾಜ್ಯ ಸರ್ಕಾರ ಕನಕಪುರ ರಸ್ತೆಯಲ್ಲಿ ಎರಡು ಮತ್ತು ನೆಲಮಂಗಲ ಕುಣಿಗಲ್ ರಸ್ತೆಯಲ್ಲಿ ಒಂದು ಸ್ಥಳವನ್ನು ಗುರುತಿಸಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಇವನ್ನು ಪರಿಶೀಲಿಸಿತು. ಅತ್ತ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣದ ಘೋಷಣೆ ಮಾಡಿದೆ.

ನಗರದ ಬೆಳವಣಿಗೆಗೆ ಇವುಗಳ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ನಕ್ಷೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕನಕಪುರ ಮತ್ತು ನೆಲಮಂಗಲ, ಜಕ್ಕೂರಿನಿಂದ ನೈಋತ್ಯಕ್ಕೆ ಸಾಗುವ ಪುಟ್ಟ ವಿಮಾನದ ಎಡ ಬಲ ಬದಿಗಳಲ್ಲಿವೆ. ಹೊಸೂರು ಆಗ್ನೇಯದ ಬಾಗಿಲು. ಯಾವ ನಿಲ್ದಾಣ ಬಂದರೂ ಅದರ ಸುತ್ತ ನಿಯಂತ್ರಿತ ವಾಯುವಲಯ ಬರುತ್ತದೆ. ಈಗಲೇ ಮೂರರ ನಡುವೆ ಸಿಕ್ಕಿಕೊಂಡಿರುವ ಜಕ್ಕೂರು ಆಗ ನಾಲ್ಕೈದರ ನಡುವೆ ಸಿಲುಕಲಿದೆ.

ಇದು ಹವ್ಯಾಸಿಗಳ ಗೊಣಗಾಟ ಮಾತ್ರವಲ್ಲ. ಇಂದು ಒಂಟಿ ಎಂಜಿನ್ ವಿಮಾನದಲ್ಲಿ ಹಾರುವವರಲ್ಲಿ ನಾಳಿನ ವಾಣಿಜ್ಯ ಪೈಲಟ್‌ಗಳೂ ಇದ್ದಾರೆ. ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಹಲವು ವರ್ಷ ನಿಂತಿದ್ದ ತರಬೇತಿ 2022ರಲ್ಲಿ ಮರಳಿ ಆರಂಭವಾಯಿತು. ಬೆಳಗಾವಿ, ಕಲಬುರಗಿ ನಿಲ್ದಾಣಗಳನ್ನು ತರಬೇತಿ ಸಂಸ್ಥೆಗಳಿಗೆ ತೆರೆಯಲಾಯಿತು. ಆದರೆ ತರಬೇತಿಗೆ ನೆಲೆ ಕೊಟ್ಟರೆ ಸಾಲದು. ನೆಲೆಯಿಂದ ನೆಲೆಗೆ ಸುರಕ್ಷಿತವಾಗಿ ಸಾಗುವ ಮಾರ್ಗವೂ ಬೇಕು. ಹೊಸ ನಿಲ್ದಾಣದ ಯೋಜನಾ ವರದಿಯಲ್ಲಿ ಸಣ್ಣ ವಿಮಾನಗಳಿಗೆ ಗೊತ್ತುಪಡಿಸಿದ ಪಥ, ರಾಮನಗರ ಅಥವಾ ಮಂಡ್ಯ ಸೀಮೆಯಲ್ಲಿ ತುರ್ತು ಭೂಸ್ಪರ್ಶಕ್ಕೆ ಒಂದು ಸರಳ ಓಡುದಾರಿ, ಇವೆರಡನ್ನು ಸೇರಿಸಲು ಈಗ ತಗಲುವ ವೆಚ್ಚ ಅಲ್ಪ. ನಿಲ್ದಾಣ ಎದ್ದುನಿಂತ ಮೇಲೆ ಅದು ಅಸಾಧ್ಯವಾಗುತ್ತದೆ ಎಂಬುದಕ್ಕೆ ಜಕ್ಕೂರಿನ ಪಕ್ಕದ ಮೇಲ್ಸೇತುವೆಯೇ ನಿದರ್ಶನ.

ಅದುವರೆಗೆ ಹೊಸ ಪರವಾನಗಿದಾರರ ಪಾಲಿಗೆ ಉಳಿದಿರುವ ರಕ್ಷಣೆ ಒಂದೇ. ಹಿಂದಿನ ರಾತ್ರಿ ಬರೆದಿಟ್ಟ ಯೋಜನೆಯಲ್ಲಿ ಎಲ್ಲಿಂದ ಮರಳಬೇಕು, ಎಷ್ಟು ಗಂಟೆಗೆ ಮರಳಬೇಕು ಎಂಬುದನ್ನು ಮೊದಲೇ ಗುರುತು ಮಾಡಿಕೊಂಡು, ಆ ಗುರುತಿಗೆ ಮನೆಯವರ ನಿರಾಸೆಯನ್ನೂ ಲೆಕ್ಕಿಸದೆ ಬದ್ಧರಾಗಿರುವುದು. ಬೆಳಿಗ್ಗೆ ಎದ್ದು ಸಾವನದುರ್ಗದ ದಿಕ್ಕಿನಲ್ಲಿ ಮೋಡ ಕಂಡರೆ, ಮೈಸೂರಿಗೆ ರೈಲಿದೆ.