ಚಕ್ಕುಲಿ ಒರಳು ಮತ್ತು ಕಚೇರಿಯ ಅಚ್ಚು

ಗೋಕುಲಾಷ್ಟಮಿ ಬಂತೆಂದರೆ ನಮ್ಮೂರ ಬೀದಿಯಲ್ಲಿ ಚಕ್ಕುಲಿ ಒರಳು ಮನೆಯಿಂದ ಮನೆಗೆ ಸಂಚಾರ ಹೊರಡುತ್ತಿದ್ದುದು ಹಿರಿಯ ಓದುಗರಿಗೆ ನೆನಪಿದ್ದೀತು. ಒರಳು ಒಂದೇ, ಚಕ್ಕುಲಿ ಹತ್ತು ಮನೆಯದು. ಕಚೇರಿಯ ಕಂಪ್ಯೂಟರಿನಲ್ಲಿ ಟೆಂಪ್ಲೇಟ್ ಎನ್ನುವುದೂ ಇಂಥ ಅಚ್ಚೇ. ತಲೆಬರಹ, ವಿಳಾಸ, ಒಕ್ಕಣೆ ಎಲ್ಲವೂ ಅದರಲ್ಲಿ ಸಿದ್ಧ. ಮ್ಯಾಕ್ರೊ ಎಂಬುದು ಜೊತೆಗಿನ ಕೈಯಾಳು. ಒಂದು ಗುಂಡಿ ಒತ್ತಿದರೆ ದಿನಾಂಕ, ಪತ್ರಸಂಖ್ಯೆಗಳನ್ನು ತಾನೇ ತುಂಬಿಬಿಡುತ್ತದೆ.

ನಾವು ದುಡಿಯುವ ಕಚೇರಿ ಕೊಚ್ಚಿಯಲ್ಲಿ. ಮುಖ್ಯ ಕಚೇರಿ ಸುಮಾರು 200 ಕಿಲೋಮೀಟರು ದಕ್ಷಿಣಕ್ಕೆ, ತಿರುವನಂತಪುರದಲ್ಲಿ. ಮೊದಲು ಅಚ್ಚನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಂಡಿದ್ದೆವು. ದೂರವಾಣಿ ಸಂಖ್ಯೆ ಬದಲಾದಾಗ ನಾಲ್ವರ ಪತ್ರದಲ್ಲಿ ಹೊಸದು, ಮೂವರ ಪತ್ರದಲ್ಲಿ ಹಳೆಯದು! ಆಮೇಲೆ ಎರಡೂ ಊರಿನವರಿಗೆ ಸಿಗುವಂತೆ ನೆಟ್‌ವರ್ಕಿನ ಫೋಲ್ಡರೊಂದರಲ್ಲಿ ಒಂದೇ ಪ್ರತಿ ಇಟ್ಟೆವು. ವರ್ಡ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್, ಅದರೊಳಗೆ ಫೈಲ್ ಲೊಕೇಶನ್ಸ್, ಅಲ್ಲಿ ವರ್ಕ್‌ಗ್ರೂಪ್ ಟೆಂಪ್ಲೇಟ್ಸ್ ಎಂಬ ಕಡೆ ಆ ಫೋಲ್ಡರನ್ನು ತೋರಿಸಿದರಾಯಿತು. ನಾರ್ಮಲ್ ಎಂಬ ಟೆಂಪ್ಲೇಟನ್ನು ಮಾತ್ರ ಹಂಚಿಕೊಳ್ಳಬಾರದು; ಅದು ಹಲ್ಲುಜ್ಜುವ ಬ್ರಷ್ಷಿನಂತೆ, ಅವರವರದು ಅವರವರಿಗೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಸೋಮವಾರ ಹೋಗಿ ನೋಡಿದರೆ ಮೇಲಧಿಕಾರಿಗಳು ಕೆಂಡವಾಗಿದ್ದರು. ಬಾಕಿದಾರರಿಗೆ ಹೋದ ನೋಟೀಸುಗಳಲ್ಲಿ 15 ದಿನ ಎಂದಿರಬೇಕಾದ ಕಡೆ 7 ದಿನ ಎಂದಿತ್ತು. ಒಬ್ಬ ವೃದ್ಧರಂತೂ ಗಾಬರಿಯಿಂದ ಪಾಸುಪುಸ್ತಕ ಹಿಡಿದು ಓಡಿಬಂದಿದ್ದರು. ನೋಟೀಸು ತೆಗೆದವಳು ಗುತ್ತಿಗೆಯ ಮೇಲೆ ಬಂದಿದ್ದ ಟೈಪಿಂಗ್ ಹುಡುಗಿ. “ನಾನೇನೂ ತಿದ್ದಿಲ್ಲ, ಸಾರ್” ಎಂದಳು. ಯಾರೂ ನಂಬಲಿಲ್ಲ. ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುವುದಿತ್ತು. ಕೆಲಸದಲ್ಲಿ ಗಮನವಿರಬೇಕಮ್ಮಾ ಎಂದು ನಾವೂ ನಾಲ್ಕು ಬುದ್ಧಿಮಾತು ಹೇಳಿದೆವು.

ಮಧ್ಯಾಹ್ನ ಅವಳು ನಮ್ಮನ್ನು ಕರೆದು, ಮಾತಾಡದೆ, ಆ ಟೆಂಪ್ಲೇಟಿನ ಇನ್‌ಫೋ ಪುಟ ತೋರಿಸಿದಳು. ಕೊನೆಯದಾಗಿ ತಿದ್ದಿದವರು ಎಂಬಲ್ಲಿ ನಮ್ಮ ಹೆಸರು! ಟೆಂಪ್ಲೇಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೊಸ ಪತ್ರ ಬರುತ್ತದೆ. ಫೈಲ್ ಮೆನುವಿನ ಓಪನ್‌ನಿಂದ ತೆರೆದರೆ ಅಚ್ಚೇ ಎದ್ದು ಬರುತ್ತದೆ. ಶುಕ್ರವಾರ ಸಂಜೆ ರೈಲಿನ ಅವಸರದಲ್ಲಿ, ಯಾರೋ ಒಬ್ಬರಿಗೆಂದು 7 ಎಂದು ತಿದ್ದಿ ಸೇವ್ ಒತ್ತಿದ್ದೆವು. ಊರವರ ಒರಳಿಗೆ ಬೇರೆ ಬಿಲ್ಲೆ ಹಾಕಿ ಹಿಂದಿರುಗಿಸಿದಂತಾಯಿತು.

ಹೋಗಿ ಮೇಲಧಿಕಾರಿಗಳಿಗೆ ಹೇಳಿದೆವು. ಹೇಳುವ ಮುಂಚೆ ಕ್ಯಾಂಟೀನಿನಲ್ಲಿ ಎರಡು ಲೋಟ ಚಹಾ ಬೇಕಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ತಿದ್ದುಪಡಿ ಪತ್ರಗಳು ಹೋದವು. ಹುಡುಗಿಯ ಗುತ್ತಿಗೆ ಮುಂದುವರಿಯಿತು.

ಮ್ಯಾಕ್ರೊ ಇರುವ ಅಚ್ಚಿಗಂತೂ ಇನ್ನೂ ಜೋಕೆ ಬೇಕು. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ಸು ವರ್ಡ್ ಮ್ಯಾಕ್ರೊದ ರೂಪದಲ್ಲೇ ಬಂದು, ವಿಳಾಸಪಟ್ಟಿಯ ಮೊದಲ 50 ಮಂದಿಗೆ ತನ್ನನ್ನು ತಾನೇ ಅಂಚೆಗೆ ಹಾಕಿಕೊಳ್ಳುತ್ತಿತ್ತು. 2022ರಿಂದ ಮೈಕ್ರೋಸಾಫ್ಟಿನವರು ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾವಾಗಿಯೇ ತಡೆಯತೊಡಗಿದ್ದಾರೆ. ಆದುದರಿಂದ ಅವನ್ನು ಇಮೇಲಿನಲ್ಲಿ ಓಡಾಡಿಸದೆ ಕಚೇರಿಯ ನಂಬಿಕೆಯ ಫೋಲ್ಡರಿನಲ್ಲೇ ಇಡುವುದು ಮೇಲು.

ಸಂಘದ ಮಿತ್ರರು ಕನ್ನಡದಲ್ಲಿ ಅರ್ಜಿಯ ಅಚ್ಚು ಮಾಡಿ ಹಂಚಿಕೊಳ್ಳುವುದಾದರೆ (ಕೇರಳದ 1969ರ ಅಧಿಕೃತ ಭಾಷಾ ಶಾಸನವು ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟಿದೆ) ಯೂನಿಕೋಡಿನಲ್ಲೇ ಮಾಡಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ.

ಈಗ ನಮ್ಮ ಕಚೇರಿಯ ಆ ಫೋಲ್ಡರಿನಲ್ಲಿ ತಿದ್ದುವ ಅಧಿಕಾರ ಇಬ್ಬರಿಗಿದೆ: ತಿರುವನಂತಪುರದವರೊಬ್ಬರಿಗೆ, ಇಲ್ಲಿ ಆ ಹುಡುಗಿಗೆ. ನಮಗೆ ಓದುವ ಹಕ್ಕು ಮಾತ್ರ.