ಮೊಟ್ಟೆಯ ಲೆಕ್ಕ, ಕಡ್ಲೆ ನೀರಿನ ಲೆಕ್ಕ

ಮಕ್ಕಳೇ, ಈ ವಾರ ಒಂದು ತಿಂಡಿಯ ವಿಷಯ. ಹೆಸರು ಸ್ವಲ್ಪ ಉದ್ದ: ಲೆಮನ್ ಮೆರಾಂಗ್ ಟಾರ್ಟ್‌ಲೆಟ್. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಬಿಸ್ಕತ್ತಿನ ಬಟ್ಟಲು, ಅದರೊಳಗೆ ಲಿಂಬೆಹುಳಿಯ ಹಳದಿ ಪಾಕ, ಅದರ ಮೇಲೆ ಬಿಳಿ ನೊರೆಯ ಪುಟ್ಟ ಗೋಪುರ. ಬಾಯಿಗಿಟ್ಟರೆ ಮೊದಲು ಸಿಹಿ, ಮರುಕ್ಷಣ ಕಣ್ಣು ಮುಚ್ಚಿಸುವ ಹುಳಿ, ಕೊನೆಗೆ ಬೆಣ್ಣೆಯ ಗರಿಗರಿ. ಆ ನೊರೆಗೇ ಮೆರಾಂಗ್ ಎಂದು ಹೆಸರು.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದುಕೊಂಡೇ ನಿವೃತ್ತನಾದ ನನಗೆ ಇದರ ರುಚಿಗಿಂತ ಮೊದಲು ಹಿಡಿಸಿದ್ದು ಇದರ ಲೆಕ್ಕ. ಮೂರು ಮೊಟ್ಟೆ ಒಡೆದರೆ ಹಳದಿ ಭಾಗವೆಲ್ಲ ಲಿಂಬೆಪಾಕಕ್ಕೆ, ಬಿಳಿ ಭಾಗವೆಲ್ಲ ಮೇಲಿನ ನೊರೆಗೆ. ಒಂದು ಚಮಚವೂ ದಂಡವಿಲ್ಲ. ಸಂಜೆ ಲೆಡ್ಜರ್ ಮುಚ್ಚುವಾಗ ಎರಡೂ ಬದಿ ಸರಿಯಾಗಿ ಕೂಡಿದ ಹಾಗೆ.

ಬರೀ ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಸೇರಿ ಹೀಗೆ ಗೋಪುರವಾಗುತ್ತದೆಂದು ಕಂಡುಕೊಂಡದ್ದು ಇತ್ತೀಚೆಗಲ್ಲ. ನಮ್ಮ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಾಹುಬಲಿಯ ಮೂರ್ತಿ ನಿಂತದ್ದು 1604ರಲ್ಲಿ. ಅದೇ 1604ರ ಇಸವಿ ಬರೆದಿರುವ ಒಂದು ಕೈಬರಹದ ಅಡುಗೆ ಪುಸ್ತಕ ಇಂಗ್ಲೆಂಡಿನಲ್ಲಿ ಉಂಟು. ಎಲಿನರ್ ಫೆಟಿಪ್ಲೇಸ್ ಎಂಬ ಗೃಹಿಣಿಯದ್ದು. ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ಬಡಿದು ಬೇಯಿಸುವ ‘ಬಿಳಿ ಬಿಸ್ಕತ್ತು ರೊಟ್ಟಿ’ ಅದರಲ್ಲಿದೆ. ಮೆರಾಂಗ್ ಎಂಬ ಹೆಸರು ಅಚ್ಚಾದದ್ದು 1692ರಲ್ಲಿ, ಫ್ರಾನ್ಸಿನ ಮಸ್ಸಿಯಾಲೊ ಎಂಬ ಬಾಣಸಿಗನ ಪುಸ್ತಕದಲ್ಲಿ. ನಮ್ಮ ದೇಶದಲ್ಲಿ ಇದರ ಹತ್ತಿರದ ನೆಂಟ ಬೇಕಿದ್ದರೆ ತಮಿಳುನಾಡಿನ ತೂತ್ತುಕುಡಿಗೆ ಹೋಗಬೇಕು. ಅಲ್ಲಿನ ಮ್ಯಾಕರೂನ್ ಎಂದರೆ ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿ ಪುಡಿ, ಅಷ್ಟೇ.

ನೊರೆ ನಿಲ್ಲುವುದು ಹೇಗೆ? ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನ್, ಸುತ್ತಿಟ್ಟ ನೂಲಿನ ಉಂಡೆಯ ಹಾಗೆ. ಬಡಿದಾಗ ಆ ಉಂಡೆ ಬಿಚ್ಚಿಕೊಂಡು ಗಾಳಿಯ ಗುಳ್ಳೆಯ ಸುತ್ತ ಬಲೆಯಾಗುತ್ತದೆ. ಎರಡು ಹನಿ ಲಿಂಬೆರಸ ಬಿದ್ದರೆ ಬಲೆ ಬೇಗ ಹರಿಯುವುದಿಲ್ಲ. ಸಕ್ಕರೆ ಅದರೊಳಗಿನ ನೀರನ್ನು ಹಿಡಿದಿಡುತ್ತದೆ. ಜಿಡ್ಡು ಮಾತ್ರ ಇದಕ್ಕೆ ಶತ್ರು. ಪಾತ್ರೆಯಲ್ಲಿ ಒಂದು ತೊಟ್ಟು ಎಣ್ಣೆಯೋ ಮೊಟ್ಟೆಯ ಹಳದಿಯೋ ಉಳಿದಿದ್ದರೆ ಎಷ್ಟು ಬಡಿದರೂ ನೊರೆ ಮೇಲೇಳದು. ಪ್ಲಾಸ್ಟಿಕ್ ಪಾತ್ರೆ ಜಿಡ್ಡು ಬಿಡುವುದಿಲ್ಲ. ಸ್ಟೀಲಿನದ್ದೇ ತೆಗೆದುಕೊಳ್ಳಿ.

ಏಳನೆಯ ಕ್ಲಾಸಿನ ನನ್ನ ಮೊಮ್ಮಗಳು ಇದನ್ನು ಮೊಬೈಲಿನಲ್ಲಿ ನೋಡಿ, “ಅಜ್ಜಾ, ನನ್ನ ಹುಟ್ಟುಹಬ್ಬಕ್ಕೆ ಕೇಕ್ ಬೇಡ, ಇದನ್ನೇ ಮಾಡುವ” ಎಂದಳು. ಆಗಲಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ, “ಆದರೆ ಆಚೆಮನೆಯವಳು ತಿನ್ನುವ ಹಾಗಿಲ್ಲ” ಎಂದು ಸುಮ್ಮನಾದಳು.

ನಾವಿರುವುದು ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿ ಸೇರಿ ಹದಿನೆಂಟು ಬಸದಿಗಳ ಊರು. ಆಚೆಮನೆಯವರು ಜೈನರು, ನಾವು ಮೊಟ್ಟೆ ತಿನ್ನುವವರು. ಮಕ್ಕಳಿಬ್ಬರೂ ಒಂದೇ ಬೆಂಚಿನವರು. ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಆ ಹುಡುಗಿ ತಟ್ಟೆ ಮುಟ್ಟುವ ಮೊದಲು “ಆಂಟೀ, ಇದರಲ್ಲಿ ಮೊಟ್ಟೆ ಉಂಟಾ?” ಎಂದು ಮೆಲ್ಲ ಕೇಳುತ್ತಾಳೆ. ಉಂಟು ಎಂದರೆ ಚಿಪ್ಸಿನ ಪೊಟ್ಟಣ ಹಿಡಿದುಕೊಂಡು ಮೂಲೆಯ ಕುರ್ಚಿಗೆ ಹೋಗುತ್ತಾಳೆ. “ಇಷ್ಟೇ ಇಷ್ಟು, ಗೊತ್ತಾಗುವುದೇ ಇಲ್ಲ, ತಿನ್ನು” ಎನ್ನುವ ದೊಡ್ಡವರನ್ನೂ ನಾನು ನೋಡಿದ್ದೇನೆ. ಅದು ಸರಿಯಲ್ಲ. ಗೊತ್ತಾಗದ ಹಾಗೆ ತಿನ್ನಿಸುವುದಕ್ಕೆ ನಮ್ಮ ಬ್ಯಾಂಕಿನ ಭಾಷೆಯಲ್ಲಿ ಕಳ್ಳಲೆಕ್ಕ ಎನ್ನುತ್ತಾರೆ.

ಬಂಟ್ವಾಳದಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಪಕ್ಕದ ಕೌಂಟರಿನವರು ಕ್ರಿಸ್ಮಸ್‌ಗೆ ಮನೆಯಿಂದ ಕುಸ್ವಾರ್ ತರುತ್ತಿದ್ದರು. ಅವರ ಹೆಂಡತಿ ಎರಡು ಕಟ್ಟು ಮಾಡಿ ಕಳಿಸುತ್ತಿದ್ದರು. ಕೆಂಪು ನೂಲು ಕಟ್ಟಿದ್ದರಲ್ಲಿ ಮೊಟ್ಟೆ ಸೇರಿದ ತಿಂಡಿ ಒಂದೂ ಇರುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಕೇಳಬೇಕಾಗಿಯೇ ಇರಲಿಲ್ಲ.

ಎರಡು ಬಗೆ ಮಾಡಿ ಎರಡು ತಟ್ಟೆಯಲ್ಲಿ ಇಡಬಹುದಿತ್ತು. ಹಾಗೆ ಮಾಡಿದರೆ ಆ ಮಗುವಿಗೆ ಪುನಃ ಬೇರೆ ತಟ್ಟೆಯೇ ಆಯಿತಲ್ಲ! ಎಲ್ಲರಿಗೂ ಒಂದೇ ಆಗಬೇಕು ಎಂದು ಮೊಮ್ಮಗಳೇ ತೀರ್ಮಾನ ಮಾಡಿದಳು. ಹಾಗಾದರೆ ಮೊಟ್ಟೆಯಿಲ್ಲದೆ ಗೋಪುರ ಕಟ್ಟುವುದು ಹೇಗೆ?

ಉತ್ತರ ನಮ್ಮ ಕುಕ್ಕರಿನಲ್ಲೇ ಇತ್ತು. ಕಡ್ಲೆ ಬೇಯುವಾಗ ವಿಸಿಲಿನ ಬುಡದಲ್ಲಿ ನೊರೆ ಉಕ್ಕುವುದನ್ನು ನೋಡದ ಅಜ್ಜಿ ಯಾರಿದ್ದಾರೆ? ಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯ ಹಾಗೆ ನೊರೆಯಾಗಿ ನಿಲ್ಲುತ್ತದೆಂದು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೊಸೆಲ್ ಎಂಬವರು ತೋರಿಸಿದರು. ಅವರ ವೃತ್ತಿ ಹಾಡುವುದು! ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಎಂಬ ಇಂಜಿನಿಯರ್ ಕಾಬೂಲಿ ಕಡ್ಲೆಯ ನೀರು ಮತ್ತು ಸಕ್ಕರೆ ಎರಡೇ ಸಾಕು ಎಂದು ಕಂಡುಕೊಂಡು ಅದಕ್ಕೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅಕ್ವಾ ಎಂದರೆ ನೀರು, ಫಾಬಾ ಎಂದರೆ ಅವರೆಯಂಥ ಕಾಳು. ಕಾಳಿನಿಂದ ನೀರಿಗಿಳಿದ ಪ್ರೋಟೀನ್ ಇಲ್ಲಿ ಬಲೆ ಹೆಣೆಯುತ್ತದೆ. ಜೊತೆಗೆ ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಕೂಡ ಕಡ್ಲೆಯಲ್ಲಿ ಸ್ವಲ್ಪ ಇದೆ.

ಶುರು ಮಾಡುವ ಮೊದಲು ಕಂಪೌಂಡಿನ ಹತ್ತಿರ ನಿಂತು ಆಚೆಮನೆಯ ದೊಡ್ಡಮ್ಮನನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. “ಕಂದಮೂಲ ಆಗ್ಲಿಕ್ಕಿಲ್ಲ, ಜೇನು ಆಗ್ಲಿಕ್ಕಿಲ್ಲ, ತಂಗಳು ಆಗ್ಲಿಕ್ಕಿಲ್ಲ. ಸೂರ್ಯ ಮುಳುಗುವುದರೊಳಗೆ ತಿಂದು ಮುಗಿಯಬೇಕು” ಎಂದರು. ಪಾಕದ ಬಣ್ಣಕ್ಕೆ ಚಿಟಿಕೆ ಅರಸಿನ ಹಾಕಬೇಕಿತ್ತು, ಅರಸಿನವೂ ಗೆಡ್ಡೆಯಲ್ಲವೇ ಎಂದು ಕೇಳಿದೆ. ಹಸಿ ಅರಸಿನ ಬೇಡ, ಒಣಗಿಸಿದ ಪುಡಿ ಅಡ್ಡಿಯಿಲ್ಲ, ಅವರ ಮನೆಯ ಕ್ರಮ ಹಾಗೆ. ಮತ್ತೆ ನಕ್ಕು, “ಇಷ್ಟು ವರ್ಷದಲ್ಲಿ ಹೀಗೆ ಮೊದಲೇ ಬಂದು ಕೇಳಿದವರು ನೀವೇ ಮಾರಾಯ್ರೆ” ಎಂದರು. ಒಟಿಜಿ ಒಲೆ, ತಟ್ಟೆ, ಬೀಟರಿನ ಕಡ್ಡಿಗಳನ್ನು ಮೊಮ್ಮಗಳು ಹುಣಸೆಹುಳಿ ಹಾಕಿ ಎರಡು ಸಲ ತಿಕ್ಕಿದಳು. ಅಂದು ಮನೆಗೆ ಮೊಟ್ಟೆ ತರಲೇ ಇಲ್ಲ.

ಈಗ ಕ್ರಮ ಬರೆದುಕೊಳ್ಳಿ. ಹನ್ನೆರಡು ಚಿಕ್ಕ ಟಾರ್ಟ್‌ಲೆಟ್‌ಗೆ ಆಗುತ್ತದೆ. ಬಿಸಿಯ ಕೆಲಸ ದೊಡ್ಡವರದ್ದು.

ಒಂದು ಕಪ್ ಕಾಬೂಲಿ ಕಡ್ಲೆಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಮೂರು ಕಪ್ ಹೊಸ ನೀರು ಹಾಕಿ, ಉಪ್ಪು ಹಾಕದೆ ಮೆತ್ತಗೆ ಬೇಯಿಸಿ, ಅದೇ ನೀರಿನಲ್ಲಿ ಎರಡು ಮೂರು ಗಂಟೆ ಆರಲು ಬಿಡಿ. ಸೋಸಿದ ನೀರನ್ನು ಸಣ್ಣ ಉರಿಯಲ್ಲಿ 100 ಮಿಲಿಗೆ ಇಳಿಸಿ. ತಣ್ಣಗಾದಾಗ ಬೆರಳಿಗೆ ಅಂಟಂಟು ಹತ್ತಬೇಕು. ನೀರು ತೆಳುವಾಗಿದ್ದರೆ ನೊರೆ ಬಂದ ಹಾಗೆ ಬಂದು ಕುಸಿಯುತ್ತದೆ.

ಆ ನೀರಿಗೆ ಕಾಲು ಚಮಚ ಲಿಂಬೆರಸ ಹಾಕಿ ಕರೆಂಟಿನ ಬೀಟರಿನಲ್ಲಿ ಎಂಟು ಹತ್ತು ನಿಮಿಷ ಬಡಿಯಿರಿ. ಕಡೆಗೋಲಿನಿಂದ ಆಗುವ ಕೆಲಸವಲ್ಲ, ರಟ್ಟೆ ಸೋಲುತ್ತದೆ. ಬಿಳಿಯಾಗಿ ಉಬ್ಬಿದ ಮೇಲೆ 100 ಗ್ರಾಂ ಸಕ್ಕರೆ ಪುಡಿಯನ್ನು ಒಂದೊಂದೇ ಚಮಚ ಸೇರಿಸುತ್ತ ಬಡಿಯುತ್ತಾ ಹೋಗಿ. ಪಾತ್ರೆ ತಲೆಕೆಳಗೆ ಮಾಡಿದರೂ ಬೀಳಬಾರದು. ಮಕ್ಕಳಿಗೆ ಈ ಪರೀಕ್ಷೆಯೇ ಹಬ್ಬ. ನಮ್ಮಲ್ಲಿ ಅದು ನಾಲ್ಕು ಸಲ ನಡೆಯಿತು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ. ಮೊಟ್ಟೆಯ ನೊರೆ ಬಿಸಿಗೆ ಬೆಂದು ಗಟ್ಟಿಯಾಗುತ್ತದೆ, ಆದ್ದರಿಂದ ಅದನ್ನು ಪಾಕದ ಮೇಲೆಯೇ ಇಟ್ಟು ಬೇಯಿಸಬಹುದು. ಕಡ್ಲೆ ನೀರಿನ ನೊರೆ ಹಾಗೆ ಬೇಯುವುದಿಲ್ಲ, ಜೋರು ಬಿಸಿಯಲ್ಲಿ ಕರಗಿ ಕೂರುತ್ತದೆ. ಅದನ್ನು ಒಣಗಿಸಬೇಕು. ಬೇಕಿಂಗ್ ಕಾಗದದ ಮೇಲೆ ಚಿಕ್ಕ ಚಿಕ್ಕ ಗೋಪುರ ಇಟ್ಟು 100 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಇಡಿ. ಆಮೇಲೆ ಒಲೆ ಆರಿಸಿ, ಬಾಗಿಲು ತೆರೆಯದೆ ಅಲ್ಲೇ ತಣಿಯಲು ಬಿಡಿ. ತುದಿ ಕಂದಾಗುವುದಿಲ್ಲ, ಬಿಳಿಯಾಗಿಯೇ ಇರುತ್ತದೆ.

ಬಟ್ಟಲಿಗೆ 150 ಗ್ರಾಂ ಮೈದಾ, 75 ಗ್ರಾಂ ತಣ್ಣನೆಯ ಬೆಣ್ಣೆ, 25 ಗ್ರಾಂ ಸಕ್ಕರೆ ಪುಡಿ. ಬೆರಳ ತುದಿಯಲ್ಲಿ ಉಜ್ಜಿದರೆ ರವೆಯ ಹಾಗಾಗುತ್ತದೆ. ಒಂದೆರಡು ಚಮಚ ತಣ್ಣೀರು ಹಾಕಿ ಉಂಡೆ ಮಾಡಿ, ನಾದಬೇಡಿ. ಚಪಾತಿಯಂತೆ ನಾದಿದರೆ ಬಟ್ಟಲು ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಟಾರ್ಟ್ ಅಚ್ಚಿಗೋ ಚಿಕ್ಕ ಸ್ಟೀಲ್ ಬಟ್ಟಲಿಗೋ ತೆಳ್ಳಗೆ ಒತ್ತಿ, ಫೋರ್ಕಿನಿಂದ ಚುಚ್ಚಿ, 180 ಡಿಗ್ರಿಯಲ್ಲಿ ಹದಿನೆಂಟು ಇಪ್ಪತ್ತು ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ಬಂದರೆ ಸಾಕು.

ಪಾಕಕ್ಕೆ 150 ಮಿಲಿ ನೀರು, 100 ಗ್ರಾಂ ಸಕ್ಕರೆ, 20 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಅರಸಿನ. ಗಂಟಿಲ್ಲದಂತೆ ಕದಡಿ, ಕೈ ಬಿಡದೆ ಕಾಸಿ. ಗಟ್ಟಿಯಾಗಿ ಗುಳುಗುಳು ಕುದಿದ ಮೇಲೆ ಕೆಳಗಿಳಿಸಿ 25 ಗ್ರಾಂ ಬೆಣ್ಣೆ, 60 ಮಿಲಿ ಲಿಂಬೆರಸ ಸೇರಿಸಿ. ರಸವನ್ನು ಮೊದಲೇ ಹಾಕಿ ಕುದಿಸಿದರೆ ಹುಳಿಯು ಹಿಟ್ಟಿನ ಅಂಟನ್ನು ತುಂಡರಿಸಿ ಪಾಕ ನೀರಾಗುತ್ತದೆ. ಲಿಂಬೆಯ ಹೊರಸಿಪ್ಪೆಯನ್ನು ಸ್ವಲ್ಪ ತುರಿದು ಹಾಕಿದರೆ ಪರಿಮಳ. ಒಳಗಿನ ಬಿಳಿ ಭಾಗ ಮುಟ್ಟಬೇಡಿ, ಕಹಿ. ವಿದೇಶದ ದಪ್ಪ ಸಿಪ್ಪೆಯ ಹಳದಿ ಲೆಮನ್ ಬೇಕೆಂದು ಮಂಗಳೂರಿಗೆ ಓಡಬೇಕಾಗಿಲ್ಲ. ನಮ್ಮ ಹಿತ್ತಿಲ ಲಿಂಬೆ ಮೂರು ನಾಲ್ಕು ಸಾಕು, ಹುಳಿಯಲ್ಲಿ ಅದಕ್ಕೇನೂ ಕಮ್ಮಿಯಿಲ್ಲ.

ಮೊಟ್ಟೆ ತಿನ್ನುವ ಮನೆಯವರು ಇದೇ ಪಾಕ ಕುದಿಯುವಾಗ ಮೂರು ಹಳದಿ ಕದಡಿ ಸೇರಿಸಿ ಒಂದು ನಿಮಿಷ ಹೆಚ್ಚು ಕುದಿಸಲಿ. ಮೂರು ಬಿಳಿಗೆ 150 ಗ್ರಾಂ ಸಕ್ಕರೆ. ಬಿಸಿ ಪಾಕದ ಮೇಲೆ ನೊರೆ ಇಟ್ಟು 170 ಡಿಗ್ರಿಯಲ್ಲಿ ಕಾಲು ಗಂಟೆ, ಒಳಗೂ ಬೇಯುವವರೆಗೆ. ಹಸಿ ಮೊಟ್ಟೆ ಮಕ್ಕಳಿಗೂ ಮುದುಕರಿಗೂ ಒಳ್ಳೆಯದಲ್ಲ.

ಇದೆಲ್ಲ ಮಳೆಗಾಲದ ಕೆಲಸವಲ್ಲ. ಜೂನ್ ಬಂತೆಂದರೆ ನಮ್ಮ ಊರಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಗಾಳಿಯ ಪಸೆಯನ್ನೆಲ್ಲ ಹೀರುವ ಸಕ್ಕರೆ ಗೋಪುರ ಉಳಿದೀತೇ? ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಆಗಲೂ ಗೋಪುರವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಿನ್ನುವ ಹೊತ್ತಿಗೆ ಪಾಕದ ಮೇಲೆ ಇಡಿ.

ನಾವು ಸಂಜೆ ಐದಕ್ಕೆ ಇಟ್ಟೆವು. ಆಚೆಮನೆಯ ಹುಡುಗಿ ಅಭ್ಯಾಸಬಲದಿಂದ ಬಾಯಿ ತೆರೆದವಳು, ಅವಳ ಅಜ್ಜಿಯೇ ಮೊದಲನೆಯದನ್ನು ಎತ್ತಿಕೊಂಡದ್ದು ನೋಡಿ, ಏನೂ ಕೇಳದೆ ಎರಡು ತೆಗೆದುಕೊಂಡಳು. ಐದೂಕಾಲಕ್ಕೆ ತಟ್ಟೆ ಖಾಲಿ. ಬೆಂದ ಕಡ್ಲೆ ಉಳಿದಿತ್ತಲ್ಲ, ಅದಕ್ಕೆ ಸಾಸಿವೆ, ಕೆಂಪು ಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿ ಉಸ್ಲಿ ಮಾಡಿದ್ದೆವು. ದೊಡ್ಡವರಲ್ಲಿ ಹೆಚ್ಚಿನವರು ಎರಡನೆಯ ಸಲ ಕೇಳಿದ್ದು ಅದನ್ನೇ.